ಅಮೆರಿಕದಲ್ಲಿ ಬೇಟೆಗೆ ಹೋಗೋ ಮುಂಚೆ: ಸೀಸನ್ನು, ಲೈಸೆನ್ಸು, ಬ್ಯಾಗ್ ಲಿಮಿಟ್ಟು ಅರ್ಥ ಮಾಡ್ಕೊಳ್ಳೋದು ಹೇಗೆ

"ಟೆಕ್ಸಾಸ್‌ನಲ್ಲಿ ಜಿಂಕೆ ಸೀಸನ್ ಯಾವಾಗಿಂದ?" ಅಂತ ಯಾರಾದ್ರೂ ಕೇಳಿದ್ರೆ ನಾನು ತಿರುಗಿ ಮೂರು ಪ್ರಶ್ನೆ ಕೇಳ್ತೀನಿ. ಯಾವ ಜಿಂಕೆ, ಯಾವ ಕೌಂಟಿ, ಕೈಯಲ್ಲಿ ಬಿಲ್ಲೋ ಬಂದೂಕೋ. ಈ ಮೂರು ಗೊತ್ತಿಲ್ದೆ ತಾರೀಖು ಹೇಳೋಕೆ ಬರಲ್ಲ, ಹೇಳಿದ್ರೂ ಉಪಯೋಗ ಇಲ್ಲ. ಹೊಸಬರು ತುಂಬಾ ಜನ ಮೊದ್ಲು ತಾರೀಖು ಹುಡುಕಿ, ರಜೆ ಹಾಕಿ, ಹೋಟೆಲ್ ಬುಕ್ ಮಾಡಿ, ಆಮೇಲೆ ರೂಲ್ ಬುಕ್ ತೆಗೀತಾರೆ, ಆಗ ನೋಡಿದ್ರೆ ಆ ಕೌಂಟಿಯಲ್ಲಿ ಆ ವಾರ ಬರೀ ಬಿಲ್ಲಿಗೆ ಮಾತ್ರ ಅವಕಾಶ ಅಂತಿರತ್ತೆ. ಅದಕ್ಕೇ ಓದೋ ಕ್ರಮ ಹೀಗಿಟ್ಕೊಳ್ಳಿ: ಮೊದ್ಲು ಪ್ರಾಣಿ, ಆಮೇಲೆ ಜಾಗ, ಆಮೇಲೆ ಆಯುಧ, ಅದಾದ್ಮೇಲೆ ತಾರೀಖು, ಕೊನೆಗೆ ಲೈಸೆನ್ಸು ಮತ್ತೆ ಬ್ಯಾಗ್ ಲಿಮಿಟ್ಟು, ಅಂದ್ರೆ ಎಷ್ಟು ಹೊಡೀಬಹುದು ಅನ್ನೋದು.

ರೂಲ್ ಮಾಡೋರು ಯಾರು

ನಮ್ಮ ಕಡೆ 1972ರ ವನ್ಯಜೀವಿ ಕಾಯ್ದೆ ಬಂದ್ಮೇಲೆ ಬೇಟೆ ಅಂದ್ರೇ ಅಪರಾಧ ಅಂತ ಕೇಳ್ಕೊಂಡೇ ಬೆಳೆದವ್ರಿಗೆ ಇಲ್ಲಿನ ಪದ್ಧತಿ ಮೊದ್ಲು ವಿಚಿತ್ರ ಅನ್ಸತ್ತೆ. ಇಲ್ಲಿ ಕಾಡುಪ್ರಾಣಿ ಜಮೀನಿನ ಮಾಲೀಕನ ಸ್ವತ್ತಲ್ಲ, ಜನರ ಪರವಾಗಿ ಆಯಾ ರಾಜ್ಯ ನೋಡ್ಕೊಳ್ಳೋ ಸ್ವತ್ತು. ಹಾಗಾಗಿ 50 ರಾಜ್ಯಕ್ಕೆ 50 ರೂಲ್ ಬುಕ್. ಟೆಕ್ಸಾಸ್‌ನಲ್ಲಿ ಪಾರ್ಕ್ಸ್ ಅಂಡ್ ವೈಲ್ಡ್‌ಲೈಫ್ ಡಿಪಾರ್ಟ್‌ಮೆಂಟು, ಪೆನ್ಸಿಲ್ವೇನಿಯಾದಲ್ಲಿ ಗೇಮ್ ಕಮಿಷನ್ನು, ಮಿಷಿಗನ್‌ನಲ್ಲಿ ಡಿಎನ್‌ಆರ್ (ನ್ಯಾಚುರಲ್ ರಿಸೋರ್ಸಸ್ ಡಿಪಾರ್ಟ್‌ಮೆಂಟು), ಹೆಸರು ಬೇರೆ ಕೆಲಸ ಒಂದೇ. ಈ ಇಲಾಖೆಗಳಿಗೆ ಲೈಸೆನ್ಸ್ ದುಡ್ಡು ದೊಡ್ಡ ಆಧಾರ, ಜೊತೆಗೆ 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆ ಪ್ರಕಾರ ರೈಫಲ್ಲು, ಶಾಟ್‌ಗನ್ನು, ಗುಂಡುಗಳ ಮೇಲೆ ಹಾಕೋ ಶೇ 11 ತೆರಿಗೆಯೂ ರಾಜ್ಯಗಳಿಗೇ ವಾಪಸ್ ಹೋಗತ್ತೆ.

ಆದ್ರೆ ವಲಸೆ ಹಕ್ಕಿಗಳ ವಿಷಯ ಬೇರೆ. ಕಾಡುಬಾತು, ಹೆಬ್ಬಾತು, ಬೆಳವ (ಡವ್), ಇವೆಲ್ಲ ಗಡಿ ದಾಟಿ ಓಡಾಡೋ ಹಕ್ಕಿಗಳು, ಇವಕ್ಕೆ 1918ರ ಮೈಗ್ರೇಟರಿ ಬರ್ಡ್ ಟ್ರೀಟಿ ಕಾಯ್ದೆ ಇದೆ. ಫೆಡರಲ್, ಅಂದ್ರೆ ಕೇಂದ್ರ ಸರ್ಕಾರದ ಇಲಾಖೆ ಒಂದು ಚೌಕಟ್ಟು ಹಾಕಿಕೊಡತ್ತೆ (ಸೆಪ್ಟೆಂಬರ್ 1ಕ್ಕಿಂತ ಮುಂಚೆ ಇಲ್ಲ, ಮಾರ್ಚ್ 10 ಆದ್ಮೇಲೆ ಇಲ್ಲ, ಒಂದು ಜಾತಿ ಹಕ್ಕಿಗೆ ಒಟ್ಟು 107 ದಿನ ಮೀರೋ ಹಾಗಿಲ್ಲ), ಅದರೊಳಗೆ ರಾಜ್ಯಗಳು ತಮ್ಮ ತಾರೀಖು ಆರಿಸ್ಕೋತವೆ. ಅಂದ್ರೆ ಜಿಂಕೆಗೆ ಒಂದು ಸರ್ಕಾರದ ರೂಲು ಓದಿದ್ರೆ ಸಾಕು, ಬಾತಿಗೆ ಎರಡು ಸರ್ಕಾರದ್ದೂ ಓದ್ಬೇಕು.

ವೀಸಾದಲ್ಲಿ ಇರೋರು ಇದನ್ನ ಮೊದ್ಲು ಓದಿ

ಇಂಗ್ಲಿಷ್‌ನಲ್ಲಿರೋ ಗೈಡ್‌ಗಳಲ್ಲಿ ಇದು ಇರೋದು ಕಮ್ಮಿ, ಯಾಕಂದ್ರೆ ಬರೆಯೋರಿಗೆ ಇದು ತಟ್ಟಲ್ಲ, ನಮ್ಮೋರಿಗೆ ಮಾತ್ರ ಮುಖ್ಯ. ಎಚ್-1ಬಿ, ಎಲ್-1, ಎಫ್-1, ಎಚ್-4 ಥರದ ನಾನ್-ಇಮಿಗ್ರೆಂಟ್ ವೀಸಾದಲ್ಲಿ ಬಂದೋರು ಬಂದೂಕಾಗ್ಲಿ ಗುಂಡಾಗ್ಲಿ ಇಟ್ಕೊಳ್ಳೋದನ್ನ ಫೆಡರಲ್ ಕಾನೂನು ನಿಷೇಧಿಸತ್ತೆ. ಸ್ನೇಹಿತನ ಬಂದೂಕು ಒಂದು ಗಂಟೆಗೆ ಇಸ್ಕೊಂಡು ಹಿಡಿದ್ರೂ ಅದು "ಇಟ್ಕೊಂಡಂಗೇ" ಲೆಕ್ಕ. ಇದಕ್ಕಿರೋ ವಿನಾಯಿತಿಗಳಲ್ಲಿ ಒಂದು, ಅಮೆರಿಕದ ಯಾವುದಾದ್ರೂ ರಾಜ್ಯ ಕ್ರಮಬದ್ಧವಾಗಿ ಕೊಟ್ಟ ಬೇಟೆ ಲೈಸೆನ್ಸು ನಿಮ್ಮ ಹತ್ರ ಇರೋದು. ಗ್ರೀನ್ ಕಾರ್ಡ್ ಇದ್ದೋರಿಗೆ ಈ ನಿಷೇಧ ಅನ್ವಯಿಸಲ್ಲ.

ಈಗ ಇದರ ಸೂಕ್ಷ್ಮ ನೋಡಿ. ಆ ವಿನಾಯಿತಿ ನಿಂತಿರೋದೇ ಚಾಲ್ತಿಯಲ್ಲಿರೋ ಲೈಸೆನ್ಸ್ ಮೇಲೆ. ಟೆಕ್ಸಾಸ್‌ನಲ್ಲಿ ಸಾಮಾನ್ಯ ಬೇಟೆ ಲೈಸೆನ್ಸು ನೀವು ಯಾವಾಗ ತಗೊಂಡ್ರೂ ಆಗಸ್ಟ್ 31ಕ್ಕೆ ಮುಗಿಯತ್ತೆ, ನೀವು ಏಪ್ರಿಲ್‌ನಲ್ಲಿ ತಗೊಂಡಿದ್ರೂ ಅಷ್ಟೇ. ಬೇರೆಯವ್ರಿಗೆ ಲೈಸೆನ್ಸ್ ಮುಗಿದ್ರೆ ಬೇಟೆಗೆ ಹೋಗೋ ಹಾಗಿಲ್ಲ ಅಷ್ಟೇ, ವೀಸಾದವ್ರಿಗೆ ಕಪಾಟಲ್ಲಿ ಗನ್ ಇರೋದೇ ಸಮಸ್ಯೆ ಆಗತ್ತೆ. ಹೊಸ ವರ್ಷದ ಲೈಸೆನ್ಸು ಆಗಸ್ಟ್ ಮಧ್ಯದಲ್ಲೇ ಮಾರಾಟಕ್ಕೆ ಬರತ್ತೆ, ಬಂದ ವಾರವೇ ತಗೊಂಡ್ಬಿಡಿ. ಇದರ ಮೇಲೆ ಕೆಲವು ರಾಜ್ಯಗಳು ತಮ್ಮದೇ ಪರ್ಮಿಟ್ಟು ಕೇಳ್ತವೆ, ಹಾಗಾಗಿ ಗನ್ ಕೊಳ್ಳೋ ಮುಂಚೆ ಇಮಿಗ್ರೇಷನ್ ವಕೀಲರ ಹತ್ರ ಒಂದು ಮಾತು ಕೇಳೋದು ಒಳ್ಳೇದು, ಕೇಳೋ ಫೀಸು ಎಷ್ಟಾದ್ರೂ ಗ್ರೀನ್ ಕಾರ್ಡ್ ಫೈಲ್‌ಗಿಂತ ದೊಡ್ಡದಲ್ಲ. ಬಿಲ್ಲು-ಬಾಣಕ್ಕೆ ಈ ಫೆಡರಲ್ ತಕರಾರು ಇಲ್ಲ, ಅದಕ್ಕೇ ವೀಸಾದಲ್ಲಿರೋರಿಗೆ ಬಿಲ್ಲಿಂದ ಶುರು ಮಾಡಿ ಅಂತಾನೇ ನಾನು ಹೇಳೋದು.

ಹಂಟರ್ ಎಜುಕೇಷನ್

ಲೈಸೆನ್ಸ್ ಕೌಂಟರಲ್ಲಿ ಮೊದ್ಲು ಕೇಳೋದು ಇದನ್ನೇ, ಬೇಟೆಯ ಸೇಫ್ಟಿ ಮತ್ತೆ ರೂಲು ಕಲಿಸೋ ಕೋರ್ಸು ಮುಗಿಸಿದ್ದೀರಾ ಅಂತ. ಟೆಕ್ಸಾಸ್‌ನಲ್ಲಿ 1971 ಸೆಪ್ಟೆಂಬರ್ 2 ಅಥವಾ ಆಮೇಲೆ ಹುಟ್ಟಿದೋರಿಗೆ ಕಡ್ಡಾಯ, ಕೊಲರಾಡೋದಲ್ಲಿ 1949 ಜನವರಿ 1ರಿಂದ ಈಚೆಗೆ ಹುಟ್ಟಿದೋರಿಗೆ. ಅಂದ್ರೆ ಇದನ್ನ ಓದ್ತಿರೋ ನೀವು ಹೆಚ್ಚುಕಮ್ಮಿ ಖಂಡಿತ ಮಾಡ್ಬೇಕು. ಒಂದು ರಾಜ್ಯದಲ್ಲಿ ಮುಗಿಸಿದ ಸರ್ಟಿಫಿಕೇಟು ಬೇರೆ ರಾಜ್ಯಗಳಲ್ಲೂ ನಡೆಯತ್ತೆ. ಟೆಕ್ಸಾಸ್‌ನಲ್ಲಿ 17 ತುಂಬಿದೋರಿಗೆ 10 ಡಾಲರ್‌ಗೆ ಒಂದು ಸಲ ಮಾತ್ರ ಸಿಗೋ ಡೆಫರಲ್ (ಕೋರ್ಸ್ ಮುಂದಕ್ಕೆ ಹಾಕೋ ಅವಕಾಶ) ಇದೆ, ಲೈಸೆನ್ಸ್ ಇರೋ ಅನುಭವಸ್ಥರ ಜೊತೆಯಲ್ಲೇ ಇದ್ದು ಆ ವರ್ಷ ಬೇಟೆ ಆಡಬಹುದು. ನನ್ನ ಕೇಳಿದ್ರೆ ಡೆಫರಲ್ ಬೇಡ, ಕೋರ್ಸೇ ಮಾಡಿ. ಬಂದೂಕಿನ ಸೇಫ್ಟಿ ಅದರಲ್ಲಿ ಚೆನ್ನಾಗಿ ಹೇಳ್ಕೊಡ್ತಾರೆ, ಅದೂ ಅಲ್ದೆ ರೂಲ್ ಬುಕ್ಕಿನ ಭಾಷೆ ಕಿವಿಗೆ ಬೀಳತ್ತೆ.

ಲೈಸೆನ್ಸು ಅಂದ್ರೆ ಒಂದು ಕಾಗದ ಅಲ್ಲ

ಲೈಸೆನ್ಸ್ ತಗೊಂಡೆ ಮುಗೀತು ಅನ್ಕೊಳ್ಳೋದೇ ಎಲ್ಲರೂ ಎಡವೋ ಜಾಗ. ಲೈಸೆನ್ಸು ಬರೀ ಬುನಾದಿ, ಅದರ ಮೇಲೆ ಪ್ರಾಣಿಗೊಂದು, ಆಯುಧಕ್ಕೊಂದು, ಜಾಗಕ್ಕೊಂದು ಅಂತ ಸೇರಿಸ್ತಾ ಹೋಗ್ಬೇಕು. ಟೆಕ್ಸಾಸ್ ಲೆಕ್ಕಾನೇ ತಗೊಳ್ಳಿ. ಅಲ್ಲಿ ವಾಸ ಇರೋರಿಗೆ ಬೇಟೆ ಲೈಸೆನ್ಸು 25 ಡಾಲರ್. ಬೆಳವ ಹೊಡೀಬೇಕು ಅಂದ್ರೆ ವಲಸೆ ಹಕ್ಕಿ ಎಂಡಾರ್ಸ್‌ಮೆಂಟು ಇನ್ನೊಂದು 7. ಬಿಲ್ಲಿನ ಸೀಸನ್ನಿಗೆ ಆರ್ಚರಿ ಎಂಡಾರ್ಸ್‌ಮೆಂಟು 7. ಸರ್ಕಾರಿ ಜಮೀನಲ್ಲಿ ಆಡೋಕೆ ವಾರ್ಷಿಕ ಪಬ್ಲಿಕ್ ಹಂಟಿಂಗ್ ಪರ್ಮಿಟ್ಟು 48. ಎಂಡಾರ್ಸ್‌ಮೆಂಟೆಲ್ಲಾ ಬೇಕು, ಮೀನೂ ಹಿಡೀಬೇಕು ಅನ್ನೋರಿಗೆ 68ರ ಸೂಪರ್ ಕಾಂಬೋ ಅಗ್ಗ ಬೀಳತ್ತೆ. ಹೊರ ರಾಜ್ಯದವ್ರಿಗೆ ಸಾಮಾನ್ಯ ಲೈಸೆನ್ಸೇ 315 ಡಾಲರ್. 48 ಡಾಲರ್‌ದು ಐದು ದಿನದ್ದೊಂದು ಇದೆ, ಅದನ್ನ ನೋಡಿ ಖುಷಿಪಡ್ಬೇಡಿ, ಅದರಲ್ಲಿ ಜಿಂಕೆ ಸೇರಿಲ್ಲ.

"ವಾಸ" ಅನ್ನೋದಕ್ಕೂ ಒಂದೊಂದು ರಾಜ್ಯದಲ್ಲಿ ಒಂದೊಂದು ಅರ್ಥ. ಟೆಕ್ಸಾಸ್‌ಗೆ ಸತತ ಆರು ತಿಂಗಳಿಗಿಂತ ಜಾಸ್ತಿ ಇದ್ದಿರ್ಬೇಕು, ಪೆನ್ಸಿಲ್ವೇನಿಯಾದಲ್ಲಿ 30 ದಿನ. ಕೆಲಸ ಬದಲಾಯಿಸಿ ಹೋದ ತಿಂಗಳಷ್ಟೇ ಆಸ್ಟಿನ್‌ಗೆ ಬಂದಿದ್ದೀರಿ, ಡ್ರೈವಿಂಗ್ ಲೈಸೆನ್ಸು ಆಗ್ಲೇ ಟೆಕ್ಸಾಸ್‌ದು ಆಗಿದೆ, ಆದ್ರೂ ಬೇಟೆ ಲೆಕ್ಕಕ್ಕೆ ನೀವಿನ್ನೂ ಹೊರಗಿನೋರೇ. 25ರ ಲೈಸೆನ್ಸು ತಗೊಂಡ್ರೆ ಅದು ಸುಳ್ಳು ಹೇಳಿ ತಗೊಂಡಂಗೆ.

ಬಾತು-ಹೆಬ್ಬಾತಿಗೆ ಇದೆಲ್ಲದರ ಮೇಲೆ ಫೆಡರಲ್ ಡಕ್ ಸ್ಟಾಂಪು, 16 ವರ್ಷ ತುಂಬಿದೋರಿಗೆಲ್ಲ ಬೇಕು, 25 ಡಾಲರ್. 1934ರಲ್ಲಿ ಶುರುವಾದಾಗ ಒಂದು ಡಾಲರ್ ಇತ್ತಂತೆ. ಕಾಗದದ ಸ್ಟಾಂಪ್ ಆದ್ರೆ ಅದರ ಮುಖದ ಮೇಲೆ ಪೆನ್ನಲ್ಲಿ ಸಹಿ ಹಾಕಿರ್ಬೇಕು, ಸಹಿ ಇಲ್ಲದ ಸ್ಟಾಂಪು ಬೇಟೆಗೆ ನಡೆಯಲ್ಲ. ಬೆಳವಕ್ಕೆ ಈ ಸ್ಟಾಂಪ್ ಬೇಡ. ಲೈಸೆನ್ಸ್ ಕೊಡೋವಾಗ "ಹೋದ ವರ್ಷ ಎಷ್ಟು ಬಾತು ಹೊಡೆದ್ರಿ, ಎಷ್ಟು ಬೆಳವ" ಅಂತ ಕೇಳ್ತಾರಲ್ಲ, ಅದು ಹರಟೆ ಅಲ್ಲ, ಎಚ್‌ಐಪಿ (ಹಾರ್ವೆಸ್ಟ್ ಇನ್ಫರ್ಮೇಷನ್ ಪ್ರೋಗ್ರಾಂ) ಅನ್ನೋ ನೋಂದಣಿ, ಅದಿಲ್ದೆ ವಲಸೆ ಹಕ್ಕಿ ಬೇಟೆ ಮಾಡೋ ಹಾಗಿಲ್ಲ. ಮಾರೋ ಹುಡುಗ ಕೇಳೋದು ಮರೆತ್ರೆ ನೀವೇ ನೆನಪಿಸಿ.

ಸೀಸನ್ ಓದೋದು

ತಾರೀಖು ಹೇಗೆ ಹಾಕ್ತಾರೆ ಅನ್ನೋದೇ ರಾಜ್ಯಕ್ಕೊಂದು ಥರ. ಮಿಷಿಗನ್‌ನಲ್ಲಿ ಬಂದೂಕಿನ ಜಿಂಕೆ ಸೀಸನ್ನು ನವೆಂಬರ್ 15ರಿಂದ 30, ಯಾವ ವಾರ ಬಿದ್ರೂ ಅದೇ. ಟೆಕ್ಸಾಸ್‌ನಲ್ಲಿ ನವೆಂಬರ್ ಮೊದಲ ಶನಿವಾರ ಶುರು, ಉತ್ತರ ಭಾಗಕ್ಕೆ ಜನವರಿ ಮೊದಲ ಭಾನುವಾರ ಮುಗಿದ್ರೆ ದಕ್ಷಿಣಕ್ಕೆ ಮೂರನೇ ಭಾನುವಾರದ ತನಕ. ಪೆನ್ಸಿಲ್ವೇನಿಯಾದಲ್ಲಿ ಥ್ಯಾಂಕ್ಸ್‌ಗಿವಿಂಗ್ ಆದ್ಮೇಲಿನ ಸೋಮವಾರ ಅಂತ ತಲೆಮಾರುಗಳಿಂದ ಇದ್ದಿದ್ದನ್ನ 2019ರಲ್ಲಿ ಶನಿವಾರಕ್ಕೆ ತಂದ್ರು, ಹಳಬರು ಇನ್ನೂ ಗೊಣಗ್ತಾರೆ. ಭಾನುವಾರದ ಬೇಟೆ ಮೇಲಿದ್ದ ಹಳೇ ನಿಷೇಧ ಅಲ್ಲಿ ಪೂರ್ತಿ ತೆಗೆದದ್ದು 2025ರಲ್ಲಷ್ಟೇ. ಅದಕ್ಕೇ ಹೋದ ವರ್ಷದ ಪಿಡಿಎಫ್ ಫೋನಲ್ಲಿ ಇಟ್ಕೊಂಡು ಓಡಾಡ್ಬೇಡಿ, ಡಿಲೀಟ್ ಮಾಡಿ.

ಆಯುಧದ ಪ್ರಕಾರ ಸೀಸನ್ನು ಹಂತಹಂತವಾಗಿ ಬರತ್ತೆ. ಸಾಮಾನ್ಯವಾಗಿ ಮೊದ್ಲು ಬಿಲ್ಲು, ಮಧ್ಯ ಬಂದೂಕು, ಆಮೇಲೋ ಮುಂಚೆಯೋ ಮಝಲ್‌ಲೋಡರ್, ಅಂದ್ರೆ ನಳಿಗೆ ಬಾಯಿಂದ ಮದ್ದು ತುಂಬೋ ಹಳೇ ಶೈಲಿ ಬಂದೂಕು. ಬಿಲ್ಲಿನ ಸೀಸನ್ನಲ್ಲಿ ಕ್ರಾಸ್‌ಬೋ ನಡೆಯತ್ತಾ ಅನ್ನೋದಕ್ಕೆ ಕೂಡ ಒಂದೊಂದು ಕಡೆ ಒಂದೊಂದು ಉತ್ತರ. ಇನ್ನು "ಸ್ಪ್ಲಿಟ್" ಅಂತ ಕಂಡ್ರೆ ಸೀಸನ್ ಮಧ್ಯ ಕೆಲವು ವಾರ ಮುಚ್ಚಿ ಮತ್ತೆ ತೆಗೀತಾರೆ ಅಂತ, ಟೆಕ್ಸಾಸ್ ಬೆಳವದ ಸೀಸನ್ ಹಾಗೇ ಇರೋದು. ಮೊದಲ ತಾರೀಖು ಕೊನೇ ತಾರೀಖು ಮಾತ್ರ ನೋಡಿ ಮಧ್ಯ ಹೋದ್ರೆ ಸಿಕ್ಕಿಹಾಕ್ಕೊಂಡ್ರಿ.

ಜಾಗ ಅಂದ್ರೆ ಟೆಕ್ಸಾಸ್‌ನಲ್ಲಿ ಕೌಂಟಿ, ಪೆನ್ಸಿಲ್ವೇನಿಯಾದಲ್ಲಿ 5ಸಿ, 5ಡಿ ಅಂತ ನಂಬರ್ ಇರೋ ಯೂನಿಟ್ಟು, ಕೊಲರಾಡೋದಲ್ಲಿ ಜಿಎಂಯು (ಗೇಮ್ ಮ್ಯಾನೇಜ್‌ಮೆಂಟ್ ಯೂನಿಟ್). ಯೂನಿಟ್ ಗಡಿ ಸಾಮಾನ್ಯವಾಗಿ ಒಂದು ರಸ್ತೆಯೋ ಹೊಳೆಯೋ ಆಗಿರತ್ತೆ, ರಸ್ತೆಯ ಈ ಕಡೆ ಹೆಣ್ಣು ಜಿಂಕೆಗೆ ಅವಕಾಶ ಇದ್ದು ಆ ಕಡೆ ಇಲ್ದೇನೂ ಇರಬಹುದು.

ದಿನದ ಗಂಟೆಗೂ ರೂಲ್ ಇದೆ. ವಲಸೆ ಹಕ್ಕಿಗೆ ಸಾಮಾನ್ಯವಾಗಿ ಸೂರ್ಯೋದಯಕ್ಕೆ ಅರ್ಧ ಗಂಟೆ ಮುಂಚಿಂದ ಸೂರ್ಯಾಸ್ತದ ತನಕ ಮಾತ್ರ, ಜಿಂಕೆಗೆ ಬಹಳ ಕಡೆ ಸೂರ್ಯಾಸ್ತ ಆಗಿ ಅರ್ಧ ಗಂಟೆ ತನಕ. ಬೆಳಕಿದೆಯಲ್ಲ ಅನ್ನೋದು ವಾದ ಅಲ್ಲ, ಪಂಚಾಂಗದ ಥರ ಟೇಬಲ್ ಕೊಟ್ಟಿರ್ತಾರೆ, ಅದನ್ನೇ ನೋಡ್ಬೇಕು.

ಕೊಲರಾಡೋ ಥರದ ಪಶ್ಚಿಮದ ರಾಜ್ಯಗಳಲ್ಲಿ ಎಲ್ಕ್ (ದೊಡ್ಡ ಜಾತಿಯ ಜಿಂಕೆ) ಹೊಡೀಬೇಕು ಅಂದ್ರೆ ಬಹಳ ಕಡೆ ಇನ್ನೊಂದು ಮೆಟ್ಟಿಲಿದೆ, ಲಾಟರಿ. ಅರ್ಜಿಗೆ ಕೊನೇ ದಿನ ಏಪ್ರಿಲ್ ಮೊದಲ ಮಂಗಳವಾರ, ಬೇಟೆ ಇರೋದು ಶರತ್ಕಾಲದಲ್ಲಿ, ಅಂದ್ರೆ ಸೆಪ್ಟೆಂಬರ್‌ನಲ್ಲಿ ಆಸೆ ಹುಟ್ಟಿದೋರಿಗೆ ಆ ಬಾಗಿಲು ಆಗ್ಲೇ ಮುಚ್ಚಿರತ್ತೆ. ಅರ್ಜಿಯಲ್ಲಿ ಒಂದು ಹಂಟ್ ಕೋಡ್ ತುಂಬ್ಬೇಕು, ನೋಡೋಕೆ ಬ್ಯಾಂಕ್ ಐಎಫ್‌ಎಸ್‌ಸಿ ಥರ ಇರತ್ತೆ: ಇ-ಎಂ-061-ಒ1-ಆರ್. ಬಿಡಿಸಿ ಓದಿದ್ರೆ ಸುಲಭ. ಇ ಅಂದ್ರೆ ಎಲ್ಕ್, ಎಂ ಅಂದ್ರೆ ಗಂಡು, 061 ಯೂನಿಟ್ ನಂಬರ್, ಒ1 ಅಂದ್ರೆ ಮೊದಲ ಸೀಸನ್, ಆರ್ ಅಂದ್ರೆ ರೈಫಲ್. ನಾನು ಮೊದ್ಲು ಹೇಳಿದ ಪ್ರಾಣಿ, ಜಾಗ, ತಾರೀಖು, ಆಯುಧ ಎಲ್ಲಾ ಆ ಒಂದೇ ಸಾಲಲ್ಲಿದೆ, ಒಂದಕ್ಷರ ತಪ್ಪಿದ್ರೆ ಬೇರೆ ಬೇಟೆಗೇ ಅರ್ಜಿ ಹಾಕಿದಂಗೆ. ಸಿಗಲಿಲ್ಲ ಅಂದ್ರೆ ಪ್ರಿಫರೆನ್ಸ್ ಪಾಯಿಂಟ್ ಸೇರ್ಕೊಳ್ಳತ್ತೆ, ಮುಂದಿನ ವರ್ಷಗಳಲ್ಲಿ ಅದು ಕೆಲಸಕ್ಕೆ ಬರತ್ತೆ. ಗೆಳೆಯರ ಜೊತೆ ಗುಂಪಾಗಿ ಹಾಕಿದ್ರೆ ಗುಂಪಲ್ಲಿ ಯಾರಿಗೆ ಕಮ್ಮಿ ಪಾಯಿಂಟೋ ಅದೇ ಎಲ್ಲರಿಗೂ ಲೆಕ್ಕ, ಹಾಗಾಗಿ ವರ್ಷಗಟ್ಟಲೆ ಪಾಯಿಂಟ್ ಕೂಡಿಸಿದೋರು ಹೊಸಬರನ್ನ ಸೇರಿಸ್ಕೊಳ್ಳೋಕೆ ಹಿಂದೆಮುಂದೆ ನೋಡಿದ್ರೆ ಬೇಜಾರಾಗ್ಬೇಡಿ.

ಬ್ಯಾಗ್ ಲಿಮಿಟ್ಟು

ಇದರಲ್ಲಿ ಮೂರು ಬೇರೆ ಬೇರೆ ಲೆಕ್ಕ ಇವೆ, ಒಂದಕ್ಕೊಂದು ಕಲೆಸ್ಬಾರ್ದು. ದಿನಕ್ಕೆ ಎಷ್ಟು, ಒಟ್ಟು ನಿಮ್ಮ ವಶದಲ್ಲಿ ಎಷ್ಟು ಇರಬಹುದು, ಸೀಸನ್ನಿಗೆ ಎಷ್ಟು.

ಬೆಳವದ್ದು ತಗೊಳ್ಳಿ. ಟೆಕ್ಸಾಸ್‌ನಲ್ಲಿ ದಿನಕ್ಕೆ 15, ವಶದಲ್ಲಿ 45. ಇದರರ್ಥ ಮೊದಲ ದಿನವೇ 45 ಹೊಡೀಬಹುದು ಅಂತಲ್ಲ, ಮೊದಲ ದಿನದ ಸಂಜೆ ಕೂಲರಲ್ಲಿ 15, ಎರಡನೇ ದಿನ 30, ಮೂರನೇ ದಿನ 45, ನಾಲ್ಕನೇ ದಿನ ಇನ್ನೂ ಹೊಡೀಬೇಕು ಅಂದ್ರೆ ಇರೋದನ್ನ ತಿಂದಿರ್ಬೇಕು ಇಲ್ಲಾ ಕೊಟ್ಟಿರ್ಬೇಕು. ಇವತ್ತು 10 ಹೊಡೆದೆ, ಉಳಿದ 5 ನಾಳೆಗೆ ಸೇರಿಸ್ಕೋತೀನಿ ಅನ್ನೋ ಕ್ಯಾರಿ ಫಾರ್ವರ್ಡ್ ಇಲ್ಲಿಲ್ಲ.

ಬಾತಿನ ಲಿಮಿಟ್ಟಲ್ಲಿ ಲಿಮಿಟ್ಟೊಳಗೆ ಲಿಮಿಟ್ಟಿರತ್ತೆ. ಮಿಸಿಸಿಪ್ಪಿ ಫ್ಲೈವೇಯಲ್ಲಿ (ಫ್ಲೈವೇ ಅಂದ್ರೆ ಹಕ್ಕಿಗಳು ವಲಸೆ ಹೋಗೋ ಹಾದಿ) ಈಚಿನ ವರ್ಷಗಳಲ್ಲಿ ದಿನಕ್ಕೆ ಒಟ್ಟು 6 ಬಾತು, ಅದರಲ್ಲಿ ಮ್ಯಾಲರ್ಡ್ 4 ಮೀರಬಾರ್ದು, ಆ ನಾಲ್ಕರಲ್ಲಿ ಹೆಣ್ಣು 2 ಮೀರಬಾರ್ದು. ಅಂದ್ರೆ ಹಾರ್ತಿರೋ ಹಕ್ಕಿ ಯಾವ ಜಾತಿ, ಗಂಡೋ ಹೆಣ್ಣೋ ಅಂತ ಮಬ್ಬು ಬೆಳಕಲ್ಲಿ ಗುರುತು ಹಿಡಿಯೋಕೆ ಬರ್ಬೇಕು, ಬರ್ದಿದ್ರೆ ಟ್ರಿಗರ್ ಮುಟ್ಬಾರ್ದು. ಬಾತಿಗೆ ಸೀಸದ ಗುಂಡು ದೇಶಪೂರ್ತಿ 1991ರಿಂದ ನಿಷೇಧ, ವಲಸೆ ಹಕ್ಕಿಗೆ ಶಾಟ್‌ಗನ್ನಲ್ಲಿ ಒಟ್ಟು ಮೂರಕ್ಕಿಂತ ಜಾಸ್ತಿ ಗುಂಡು ಹಿಡಿಯೋ ಹಾಗಿರ್ಬಾರ್ದು, ಮ್ಯಾಗಜಿನ್ ಒಳಗೆ ಪ್ಲಗ್ ಹಾಕಿರ್ಬೇಕು. ಕ್ಯಾಲಿಫೋರ್ನಿಯಾ ಅಂತೂ 2019 ಜುಲೈ 1ರಿಂದ ಯಾವ ಬೇಟೆಗೂ ಸೀಸ ಬೇಡ ಅಂದಿದೆ.

ಇಬ್ಬರು ಮೂವರು ಒಟ್ಟಿಗೆ ಹೋದಾಗ ಆಗೋ ಎಡವಟ್ಟೊಂದಿದೆ. ಎಲ್ಲರ ಹಕ್ಕೀನೂ ಒಂದೇ ಕೂಲರಲ್ಲಿ ಐಸ್ ಹಾಕಿ ತುಂಬಿರ್ತಾರೆ, ಗೇಮ್ ವಾರ್ಡನ್ (ಬೇಟೆ ರೂಲ್ ಪಾಲಿಸ್ತಿದ್ದಾರಾ ಅಂತ ನೋಡೋ ಅಧಿಕಾರಿ) ಬಂದು ಮುಚ್ಚಳ ತೆಗೆದು "ಇದರಲ್ಲಿ ನಿನ್ನವು ಯಾವುದು" ಅಂತಾನೆ, ಮೂರೂ ಜನ ಮುಖ ಮುಖ ನೋಡ್ಕೋತಾರೆ. ಲಿಮಿಟ್ಟು ತಲೆಗಿಷ್ಟು ಅಂತ ಇರೋದೇ ಹೊರತು ಗುಂಪಿಗೆ ಅಲ್ಲ, ಚೆನ್ನಾಗಿ ಗುರಿ ಹೊಡೆಯೋನು ಬಾರದೋನ ಪಾಲನ್ನೂ ಹೊಡೆದುಕೊಡೋದು ವಲಸೆ ಹಕ್ಕಿಯಲ್ಲಿ ನಡೆಯಲ್ಲ. ಅವರವರದ್ದು ಅವರವರ ಚೀಲದಲ್ಲಿ ಇಟ್ಕೊಳ್ಳಿ. ಬೇರೆಯೋರ ಹತ್ರ ಬಿಟ್ಟು ಬರೋದಾದ್ರೆ ಚೀಟಿ ಕಟ್ಟಿ, ಅದರಲ್ಲಿ ನಿಮ್ಮ ಸಹಿ, ವಿಳಾಸ, ಯಾವ ಹಕ್ಕಿ ಎಷ್ಟು, ಹೊಡೆದ ತಾರೀಖು ಇರ್ಬೇಕು. ಬಾತನ್ನ ಪೂರ್ತಿ ಚೊಕ್ಕ ಮಾಡಿ ತಗೊಂಡೋಗೋ ಹಾಗಿಲ್ಲ, ಮನೆ ಮುಟ್ಟೋ ತನಕ ತಲೆಯೋ ಗರಿ ಸಮೇತ ಒಂದು ರೆಕ್ಕೆಯೋ ಅಂಟಿಕೊಂಡೇ ಇರ್ಬೇಕು, ಬೆಳವಕ್ಕೆ ಫೆಡರಲ್ ರೂಲಲ್ಲಿ ಇದರಿಂದ ವಿನಾಯಿತಿ ಇದೆ.

ಜಿಂಕೆಗೆ ಲೆಕ್ಕ ಟ್ಯಾಗಲ್ಲಿ, ಅಂದ್ರೆ ಹೊಡೆದ ಜಿಂಕೆಗೆ ಕಟ್ಟೋ ಚೀಟಿಯಲ್ಲಿ. ಟೆಕ್ಸಾಸ್ ಲೈಸೆನ್ಸ್ ಜೊತೆಗೇ ವೈಟ್‌ಟೇಲ್ ಜಿಂಕೆಗೆ 5 ಟ್ಯಾಗ್ ಬರತ್ತೆ, ಐದರಲ್ಲಿ ಗಂಡು 3 ಮೀರಬಾರ್ದು. ಹಾಗಂತ ಒಂದೇ ಕೌಂಟಿಯಲ್ಲಿ ಐದೂ ಹೊಡೀಬಹುದು ಅಂತಲ್ಲ, ಕೌಂಟಿ ಲಿಮಿಟ್ಟು ಬೇರೆ ಇದೆ, ಅದು ಒಂದು ಗಂಡು ಅಂತಿದ್ರೆ ಅಲ್ಲಿ ಒಂದೇ. ಕೆಲವು ಕೌಂಟಿಗಳಲ್ಲಿ ಕೊಂಬಿನ ರೂಲೂ ಇದೆ: ಒಂದಾದ್ರೂ ಕೊಂಬು ಕವಲಿಲ್ಲದೆ ಇರ್ಬೇಕು, ಇಲ್ಲಾಂದ್ರೆ ಎರಡು ಕೊಂಬಿನ ನಡುವಿನ ಒಳ ಅಗಲ 13 ಇಂಚಾದ್ರೂ ಇರ್ಬೇಕು. ಬದುಕಿರೋ ಜಿಂಕೆಗೆ ಟೇಪ್ ಹಿಡಿಯೋಕಾಗತ್ತಾ? ಅದಕ್ಕೊಂದು ಉಪಾಯ ಇದೆ. ಜಿಂಕೆ ಎಚ್ಚೆತ್ತು ಕಿವಿ ನೆಟ್ಟಗೆ ಮಾಡಿ ನಿಮ್ಮ ಕಡೆ ನೋಡ್ದಾಗ ಒಂದು ಕಿವಿ ತುದಿಯಿಂದ ಇನ್ನೊಂದು ಕಿವಿ ತುದಿಗೆ ಹತ್ರಹತ್ರ 13 ಇಂಚು, ಕೊಂಬಿನ ಒಳ ಅಂಚು ಕಿವಿ ತುದಿ ದಾಟಿ ಹೊರಗಿದ್ರೆ ಸರಿ. ಅನುಮಾನ ಬಂದ್ರೆ ಬಿಟ್ಬಿಡಿ.

ಹೊಡೆದ ತಕ್ಷಣ, ಅಂದ್ರೆ ಫೋಟೋ ತೆಗೆಯೋಕೆ ಮುಂಚೆ, ಗಾಡಿಗೆ ಎಳೆಯೋಕೆ ಮುಂಚೆ, ಟ್ಯಾಗ್ ಹಾಕ್ಬೇಕು. ಕಾಗದದ ಟ್ಯಾಗಲ್ಲಿ ತಿಂಗಳು ಮತ್ತೆ ತಾರೀಖಿನ ಜಾಗ ಇರತ್ತೆ, ಪೆನ್ನಲ್ಲಿ ಗುರುತು ಮಾಡಿದ್ರೆ ಸಾಲದು, ಕತ್ತರಿಸಿ ತೆಗೀಬೇಕು, ರ‍್ಯಾಂಚಿನ ಹೆಸರು, ಕೌಂಟಿ ಪೆನ್ನಲ್ಲಿ ಬರೀಬೇಕು. ಲೈಸೆನ್ಸ್ ಹಿಂದಿರೋ ಲಾಗೂ ತುಂಬ್ಬೇಕು. ಜೇಬಲ್ಲಿ ಒಂದು ಪೆನ್ನು, ಸಣ್ಣ ಚಾಕು, ಒಂದೆರಡು ಜಿಪ್ ಟೈ, ಟ್ಯಾಗಿಗೆ ಒಂದು ಪ್ಲಾಸ್ಟಿಕ್ ಕವರ್ರು ಇಟ್ಕೊಂಡಿರಿ, ರಕ್ತ ತಾಗಿದ ಕಾಗದದಲ್ಲಿ ಶಾಯಿ ನಿಲ್ಲಲ್ಲ. ಪೆನ್ಸಿಲ್ವೇನಿಯಾದಲ್ಲಿ ಟ್ಯಾಗ್ ಹಾಕಿದ್ಮೇಲೆ 10 ದಿನದೊಳಗೆ ರಿಪೋರ್ಟೂ ಮಾಡ್ಬೇಕು.

ಜಾಗ, ಬಟ್ಟೆ, ಮಾಂಸ

ಟೆಕ್ಸಾಸ್‌ನಲ್ಲಿ ಬಹುಪಾಲು ನೆಲ ಖಾಸಗಿ, ಮಾಲೀಕರ ಒಪ್ಪಿಗೆ ಇಲ್ದೆ ಕಾಲಿಡೋ ಹಾಗಿಲ್ಲ. ಬೋರ್ಡೇ ಇರ್ಬೇಕು ಅಂತಿಲ್ಲ, ಮರಕ್ಕೋ ಬೇಲಿ ಕಂಬಕ್ಕೋ ನೇರಳೆ ಬಣ್ಣದ ಗೀಟು ಬಳಿದಿದ್ರೆ (8 ಇಂಚು ಉದ್ದ, ಒಂದಿಂಚು ಅಗಲ, ನೆಲದಿಂದ 3ರಿಂದ 5 ಅಡಿ ಎತ್ತರಕ್ಕೆ) ಅದು ಕಾನೂನು ಪ್ರಕಾರ "ಒಳಗೆ ಬರಬೇಡ" ಅಂತಲೇ ಲೆಕ್ಕ. ಮಾಲೀಕರು ಒಪ್ಪಿದ್ರೆ ಖಾಸಗಿ ಜಮೀನಲ್ಲಿ ಕಾಡುಹಂದಿಗೆ 2019 ಸೆಪ್ಟೆಂಬರ್‌ನಿಂದ ಲೈಸೆನ್ಸೇ ಬೇಡ, ಸೀಸನ್ನೂ ಇಲ್ಲ ಲಿಮಿಟ್ಟೂ ಇಲ್ಲ, ಬೆಳೆ ಹಾಳು ಮಾಡಿ ಅಷ್ಟು ರೋಸಿಹೋಗಿದಾರೆ ಅಲ್ಲಿನ ರೈತರು. (ವೀಸಾದವ್ರು ಮಾತ್ರ ಮೇಲಿಂದು ಇನ್ನೊಂದ್ಸಲ ಓದಿ, ಹಂದಿಗೆ ಲೈಸೆನ್ಸ್ ಬೇಡ ಅಂದ್ರೂ ಬಂದೂಕಿಗೆ ನಿಮಗೆ ಬೇಕು.)

ಕಿತ್ತಳೆ ಬಟ್ಟೆ ವಿಷಯ: ಪೆನ್ಸಿಲ್ವೇನಿಯಾದಲ್ಲಿ ಬಂದೂಕಿನ ಜಿಂಕೆ ಸೀಸನ್ನಲ್ಲಿ ತಲೆ, ಎದೆ, ಬೆನ್ನು ಸೇರಿ 250 ಚದರ ಇಂಚು, ಕೊಲರಾಡೋದಲ್ಲಿ ರೈಫಲ್ ಸೀಸನ್ನಿಗೆ 500, ಅಲ್ಲಿ ಗುಲಾಬಿ ಆದ್ರೂ ನಡೆಯತ್ತೆ. ಒಂದು ವೆಸ್ಟು ಒಂದು ಟೋಪಿ ತಗೊಂಡ್ರೆ ಮುಗೀತು, ಕಡ್ಡಾಯ ಇಲ್ಲದ ಕಡೆಯೂ ಹಾಕ್ಕೊಳ್ಳಿ.

ವಾರ್ಡನ್ ಬಂದ್ರೆ ಗಾಬರಿ ಬೇಡ. ಗನ್ ನಳಿಗೆ ಸುರಕ್ಷಿತ ದಿಕ್ಕಿಗೆ ಹಿಡಿದು, ಅವರು ಹೇಳಿದಂಗೆ ಖಾಲಿ ಮಾಡಿ, ಲೈಸೆನ್ಸು ಫೋಟೋ ಐಡಿ ತೋರಿಸಿ. ಲೆಕ್ಕ ತಪ್ಪಿದ್ರೆ ಮುಚ್ಚಿಡೋ ಬದಲು ನೀವೇ ಹೇಳೋದು ವಾಸಿ. ಒಂದು ರಾಜ್ಯದಲ್ಲಿ ಲೈಸೆನ್ಸ್ ರದ್ದಾದ್ರೆ ಪಕ್ಕದ ರಾಜ್ಯಕ್ಕೆ ಹೋಗಿ ಹೊಸದು ತಗೋತೀನಿ ಅನ್ನೋದೂ ಆಗಲ್ಲ, ಇಂಟರ್‌ಸ್ಟೇಟ್ ವೈಲ್ಡ್‌ಲೈಫ್ ವಯಲೇಟರ್ ಕಾಂಪ್ಯಾಕ್ಟ್ ಅಂತ ಒಪ್ಪಂದ ಇದೆ, ಬಹುತೇಕ ಎಲ್ಲಾ ರಾಜ್ಯಗಳೂ ಅದರೊಳಗಿವೆ. ಕಾನೂನು ಮೀರಿ ಹೊಡೆದ ಪ್ರಾಣೀನ ರಾಜ್ಯದ ಗಡಿ ದಾಟಿಸಿದ್ರೆ 1900ರ ಲೇಸಿ ಕಾಯ್ದೆ ಪ್ರಕಾರ ಅದು ಫೆಡರಲ್ ಕೇಸು.

ಮಾಂಸ ತಗೊಂಡು ರಾಜ್ಯ ದಾಟೋವಾಗ ಇನ್ನೊಂದಿದೆ, ಸಿಡಬ್ಲ್ಯುಡಿ ಅಂತ ಜಿಂಕೆ, ಎಲ್ಕ್‌ಗಳ ಮಿದುಳಿಗೆ ಬರೋ ರೋಗ. ಅದು ಹರಡ್ಬಾರ್ದು ಅಂತ ತಲೆ, ಬೆನ್ನುಹುರಿ ಇರೋ ಇಡೀ ಜಿಂಕೆ ಗಡಿ ದಾಟಿಸೋದನ್ನ ತುಂಬಾ ರಾಜ್ಯಗಳು ನಿಷೇಧಿಸಿವೆ, ಮೂಳೆ ಬಿಡಿಸಿದ ಮಾಂಸ, ಚೆನ್ನಾಗಿ ತೊಳೆದ ಬುರುಡೆಯ ಮೇಲ್ಭಾಗ ಮತ್ತೆ ಕೊಂಬು, ಚರ್ಮ ಇಷ್ಟಕ್ಕೆ ಬಿಡ್ತಾರೆ. ಹೊಡೆದ ರಾಜ್ಯದ್ದು, ಮನೆಯಿರೋ ರಾಜ್ಯದ್ದು ಎರಡೂ ಓದಿ, ಮಧ್ಯ ಬರೀ ಡ್ರೈವ್ ಮಾಡ್ಕೊಂಡು ದಾಟೋ ರಾಜ್ಯದ್ದೂ ಓದಿ, ಮತ್ತೆ ಮೂಳೆ ಬಿಡಿಸೋ ಕೆಲಸ ಗಡಿಗಿಂತ ಮುಂಚೆ ಇರೋ ಪ್ರೊಸೆಸರ್ (ಮಾಂಸ ಕತ್ತರಿಸಿಕೊಡೋ ಅಂಗಡಿ) ಹತ್ರಾನೇ ಮಾಡಿಸ್ಕೊಳ್ಳಿ, ಸೀಸನ್ ಮೊದಲ ವಾರ ಅವರ ಹತ್ರ ಕ್ಯೂ ಇರತ್ತೆ, ಹೋಗೋ ಮುಂಚೆ ಫೋನ್ ಮಾಡಿ.